ಸೊಸೆಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ: ಏನು ಮಾಡೋಣ?

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಕಡೆಯವರು. ಈಗ ಬೆಂಗಳೂರಲ್ಲಿ ಮಗನ ಮನೆಯಲ್ಲಿದ್ದೇನೆ. ಸೊಸೆ ಕಾನ್ಪುರದ ಹುಡುಗಿ, ವಯಸ್ಸು 31. ಮದುವೆಯಾಗಿ ಮೂರು ವರ್ಷ ಆಯಿತು. ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ಮೂರು ತಿಂಗಳು ಆನ್‌ಲೈನ್ ಕ್ಲಾಸಿಗೆ ಸೇರಿ ಅಕ್ಷರ ಕಲಿತಳು, ಬಸ್ಸಿನ ಬೋರ್ಡು ಓದುತ್ತಾಳೆ. ಮೊಬೈಲಲ್ಲಿ ಆ್ಯಪ್ ಕೂಡ ಇದೆ. ನನ್ನ ಜೊತೆ ಧಾರಾವಾಹಿ ನೋಡುವಾಗ ನಗುವ ಕಡೆ ನಗುತ್ತಾಳೆ, ಅಂದರೆ ಅರ್ಥವಾಗುತ್ತದೆ. ಆದರೆ ಮಾತಾಡುವುದಿಲ್ಲ. ಏನಾದರೂ ಕೇಳಿದರೆ ತಲೆಯಾಡಿಸುತ್ತಾಳೆ, ಇಲ್ಲವೇ ಹಿಂದಿಯಲ್ಲಿ ಹೇಳುತ್ತಾಳೆ. ನನಗೆ ಹಿಂದಿ ಅಷ್ಟಕ್ಕಷ್ಟೇ. ಕಳೆದ ವರಮಹಾಲಕ್ಷ್ಮಿ ಹಬ್ಬದಲ್ಲಿ ‘ಚಟ್ನಿ ಹಾಳಾಯ್ತು’ ಅನ್ನಲು ಹೋಗಿ ‘ಹಾಲಾಯ್ತು’ ಅಂದಳು. ನೆಂಟರೆಲ್ಲ ನಕ್ಕರು. ಅಂದಿನಿಂದ ಇನ್ನೂ ಮೌನ. ಆಸಕ್ತಿಯೇ ಇಲ್ಲವೇನೋ ಅನ್ನಿಸುತ್ತದೆ. ಮೂವತ್ತು ದಾಟಿದ ಮೇಲೆ ಹೊಸ ಭಾಷೆ ಬರುವುದಿಲ್ಲ ಅನ್ನುತ್ತಾರೆ, ನಿಜವೇ? ಮನೆಯಲ್ಲಿ ಹಿಂದಿ ಪೂರ್ತಿ ನಿಲ್ಲಿಸಿಬಿಡಿ ಎನ್ನುತ್ತಾನೆ ನನ್ನ ತಮ್ಮ. ತಪ್ಪು ಮಾಡಿದಾಗ ತಿದ್ದಬೇಕೋ, ಬಿಡಬೇಕೋ? ಮೊಮ್ಮಗನಿಗೆ ಎರಡು ವರ್ಷ. ಎರಡು ಭಾಷೆ ಕೇಳಿ ಅವನಿಗೂ ಗೊಂದಲವಾಗುವುದಿಲ್ಲವೇ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಸೊಸೆ ಕನ್ನಡದಲ್ಲಿ ಏನೇನು ಮಾಡುತ್ತಾರೆ ಎಂದು ಹುಡುಕಿದೆ. ಬೋರ್ಡು ಓದುತ್ತಾರೆ, ಆ್ಯಪ್ ಒತ್ತುತ್ತಾರೆ, ಧಾರಾವಾಹಿ ನೋಡುತ್ತಾರೆ, ತಲೆಯಾಡಿಸುತ್ತಾರೆ. ಇವುಗಳಲ್ಲಿ ಒಂದಕ್ಕೂ ಅವರು ಬಾಯಿ ತೆರೆಯಬೇಕಾಗಿಲ್ಲ. ಅವರು ಕನ್ನಡ ಮಾತಾಡದಿದ್ದರೆ ನಿಂತುಹೋಗುವ ಕೆಲಸ ನಿಮ್ಮ ಮನೆಯಲ್ಲಿ ಒಂದೂ ಇಲ್ಲ. ಅದನ್ನು ಆಸಕ್ತಿಯ ಕೊರತೆ ಎನ್ನುವುದು ತಪ್ಪು. ಆಸಕ್ತಿ ಇಲ್ಲದವರು ಪಾಪು ಹುಟ್ಟಿದ ಮನೆಯಲ್ಲಿ ಮೂರು ತಿಂಗಳು ಬಿಡುವು ಮಾಡಿಕೊಂಡು ಕಾಗುಣಿತ ಕಲಿಯುವುದಿಲ್ಲ.

ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಉಚ್ಚಾರಣೆ ಪೂರ್ತಿ ಪಳಗದೇ ಇರಬಹುದು, ಅದು ನಿಜ. ಪದ, ವಾಕ್ಯ, ವ್ಯವಹಾರ ಬರುವುದಿಲ್ಲ ಎನ್ನುವುದು ಸುಳ್ಳು. ಹಿಂದಿಯವರಿಗೆ ಕನ್ನಡದಲ್ಲಿ ಕೆಲವು ಅನುಕೂಲಗಳೂ ಉಂಟು. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಎರಡರಲ್ಲೂ ಒಂದೇ. ‘ನನಗೆ ಬೇಕು’ ಎನ್ನುವ ಜೋಡಣೆಯೂ ‘ಮುಝೆ ಚಾಹಿಯೇ’ ಎನ್ನುವ ಜೋಡಣೆಯೂ ಒಂದೇ. ತೊಡಕಾಗುವ ಜಾಗಗಳು ಎಣಿಸುವಷ್ಟು. ಹಿಂದಿಯಲ್ಲಿ ‘ಎ’, ‘ಒ’ ಹ್ರಸ್ವ ದೀರ್ಘವಾಗಿ ಅರ್ಥ ಬದಲಿಸುವುದಿಲ್ಲ, ಹಾಗಾಗಿ ಬೆಳೆ-ಬೇಳೆ, ಕೊಡು-ಕೋಡು ಒಂದೇ ಆಗಿ ಕೇಳಿಸುತ್ತವೆ. ‘ಳ’ ಅವರ ದಿನಬಳಕೆಯ ಹಿಂದಿಯಲ್ಲಿಲ್ಲ. ಚಟ್ನಿ ‘ಹಾಲಾದದ್ದು’ ಅದೇ ಕಾರಣಕ್ಕೆ. ಕಿವಿ ಆ ಎರಡು ದನಿಗಳನ್ನು ಬೇರೆ ಮಾಡುವವರೆಗೆ ನಾಲಿಗೆ ಬೇರೆ ಮಾಡುವುದಿಲ್ಲ.

ಕೇಳಿ ಕೇಳಿ ಒಂದು ದಿನ ತಾನಾಗಿ ಮಾತು ಬರುತ್ತದೆ ಎನ್ನುವ ನಂಬಿಕೆಯೂ ಅರ್ಧ ಸತ್ಯ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಗಣಿತ, ವಿಜ್ಞಾನ ಎಲ್ಲವನ್ನೂ ಫ್ರೆಂಚಿನಲ್ಲೇ ಕಲಿಸುವ ಶಾಲೆಗಳಿವೆ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಆ ಮಕ್ಕಳಿಗೆ ಅರ್ಥವಾಗುವುದು ಚೆನ್ನಾಗಿತ್ತು, ಮಾತು ಮತ್ತು ಬರಹ ಹಿಂದೆ ಬಿದ್ದಿದ್ದವು. ಅದನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬ ಭಾಷಾಕಲಿಕೆಯ ಸಂಶೋಧಕಿ 1985ರಲ್ಲಿ ಇಟ್ಟ ವಾದ ಸರಳ: ಕೇಳುವಾಗ ಅಂದಾಜಿನ ಮೇಲೆ ದಾಟಿಬಿಡಬಹುದು, ಮಾತಾಡುವಾಗ ಪ್ರತ್ಯಯವೊಂದನ್ನು ಆರಿಸಲೇಬೇಕು, ಆಗಲೇ ತನಗೆ ಏನು ಗೊತ್ತಿಲ್ಲ ಎಂಬುದು ಕಲಿಯುವವರಿಗೆ ಕಾಣುವುದು. ಧಾರಾವಾಹಿಯಲ್ಲಿ ‘ಬಂದ’, ‘ಬಂದ್ಳು’, ‘ಬಂತು’ ಯಾವುದಾದರೂ ಯಾರೋ ಬಂದರೆಂದು ತಿಳಿದುಹೋಗುತ್ತದೆ. ‘ಆಟೋ’ ಎಂದಮೇಲೆ ‘ಬಂದ’ ಅಲ್ಲ, ‘ಬಂತು’ ಎಂದು ತಾವೇ ಆರಿಸಬೇಕಾದಾಗ ಮಾತ್ರ ಆ ವ್ಯತ್ಯಾಸ ತಲೆಗೆ ಹತ್ತುತ್ತದೆ.

ಇನ್ನು ಬೇರಿಗೆ ಬರೋಣ. ಬಿ.ಎಡ್. ಓದಿದವರಿಗೆಲ್ಲ ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ (1896–1934) ಹೆಸರು ಗೊತ್ತು. ಯೋಚಿಸುವುದು, ಗಮನವಿಟ್ಟು ನೆನಪಿಡುವುದು ಮುಂತಾದ ಯಾವ ಮೇಲ್ಮಟ್ಟದ ಮನೋವ್ಯಾಪಾರವೂ ಮೊದಲು ಜನರ ನಡುವೆ ನಡೆದು, ಆಮೇಲೆ ಒಬ್ಬರ ಒಳಗೆ ನೆಲೆಯಾಗುತ್ತದೆ ಎಂದವರು ಅವರು. ಒಬ್ಬರು ಒಂಟಿಯಾಗಿ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಅಂತರವಿದೆ. ಅದನ್ನೇ ಸಮೀಪದ ವಿಕಾಸ ವಲಯ ಎನ್ನುತ್ತಾರೆ. ಕಲಿಕೆ ನಡೆಯುವುದು ಆ ಅಂತರದಲ್ಲಿ. ಎರಡನೇ ಭಾಷೆಯ ಕಲಿಕೆಯನ್ನು ಹೀಗೆ ನೋಡುವವರು ‘ಕಲಿಯುವವರ ತಲೆಯಲ್ಲಿ ಎಷ್ಟು ತುಂಬಿದೆ’ ಎಂದು ಕೇಳುವುದಿಲ್ಲ. ‘ಯಾರ ಜೊತೆ, ಯಾವ ಕೆಲಸದಲ್ಲಿ, ಎಷ್ಟು ನೆರವು ಸಿಕ್ಕರೆ ಇವರಿಂದ ಮಾತು ಹೊರಡುತ್ತದೆ’ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ನಿಮ್ಮಲ್ಲಿದೆ, ಸೊಸೆಯಲ್ಲಲ್ಲ.

ಆ ಕೆಲಸ ಎಂಥದಿರಬೇಕು? ಪಶ್ಚಿಮ ಆಫ್ರಿಕಾದ ಲೈಬೀರಿಯದಲ್ಲಿ ದರ್ಜಿಗಳ ಬಳಿ ಶಿಷ್ಯರು ಕಲಿಯುವ ರೀತಿಯನ್ನು ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಅಧ್ಯಯನ ಮಾಡಿದ್ದರು. ಹೊಸಬರ ಕೈಗೆ ಮೊದಲ ದಿನವೇ ಕತ್ತರಿ ಕೊಡುವುದಿಲ್ಲ. ಗುಂಡಿ ಹೊಲಿಯುವುದು, ಅಂಚು ಮಡಿಚುವುದು, ಇಸ್ತ್ರಿ ಹಾಕುವುದು ಮೊದಲು, ಆಮೇಲೆ ಹೊಲಿಗೆ, ಬಟ್ಟೆ ಕತ್ತರಿಸುವುದು ಕೊನೆಗೆ. ಗುಂಡಿಯ ಕೆಲಸ ಸಣ್ಣದು, ಆದರೆ ಆಟದ ಕೆಲಸವಲ್ಲ: ಅದೇ ಅಂಗಿಯನ್ನು ಗಿರಾಕಿ ಹಾಕಿಕೊಳ್ಳುತ್ತಾನೆ. ತಪ್ಪಿದರೂ ಬಟ್ಟೆ ಹಾಳಾಗುವುದಿಲ್ಲ. ಸಮುದಾಯವೊಂದರ ಅಂಚಿನಲ್ಲಿ ನಿಂತು, ನಿಜವಾದ ಆದರೆ ಕಡಿಮೆ ಅಪಾಯದ ಕೆಲಸ ಮಾಡುತ್ತಾ ಒಳಗೆ ಬರುವ ಈ ದಾರಿಯನ್ನು 1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ವಿವರಿಸಿದರು.

ನಿಮ್ಮ ಮನೆಯಲ್ಲಿ ಗುಂಡಿ ಹೊಲಿಯುವ ಕೆಲಸ ಯಾವುದು ಎಂದು ಯೋಚಿಸಿದರೆ ನನಗೆ ಮೊದಲು ಹೊಳೆಯುವುದು ಅರಿಶಿನ ಕುಂಕುಮ ಕೊಡುವುದು. ಹಬ್ಬದ ಸಂಜೆ ಮುತ್ತೈದೆಯರು ಬರುತ್ತಾರೆ. ಬಾಗಿಲಲ್ಲಿ ‘ಬನ್ನಿ, ಕೂತ್ಕೊಳ್ಳಿ’. ತಟ್ಟೆ ಹಿಡಿದು ‘ಕುಂಕುಮ ತಗೊಳ್ಳಿ’, ‘ಹೂ ಮುಡ್ಕೊಳ್ಳಿ’. ತಾಂಬೂಲ ಕೊಟ್ಟು ‘ಮತ್ತೆ ಬನ್ನಿ’. ಐದು ಮಾತು. ಬಂದ ಇಪ್ಪತ್ತು ಜನರಿಗೂ ಅವೇ ಐದು, ಅದೇ ಅನುಕ್ರಮದಲ್ಲಿ. ಎದುರಿನವರ ಉತ್ತರವೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಕೈಯಲ್ಲಿ ತಟ್ಟೆಯಿರುವುದರಿಂದ ಮಾತು ತಡವಾದರೂ ಮುಜುಗರವಿಲ್ಲ. ಮುಖ್ಯವಾದದ್ದು, ಆ ಹೊತ್ತಿನಲ್ಲಿ ಅವರು ‘ಕನ್ನಡ ಬಾರದ ಸೊಸೆ’ ಅಲ್ಲ, ಮನೆಯ ಯಜಮಾನಿ. ‘ತಗೊಳ್ಳಿ’, ‘ಕೂತ್ಕೊಳ್ಳಿ’, ‘ಮುಡ್ಕೊಳ್ಳಿ’ ಎಂದು ಇಪ್ಪತ್ತು ಸಲ ಹೇಳಿದ ನಾಲಿಗೆಗೆ ಗೌರವದ ‘ಇ’ ಪ್ರತ್ಯಯ ವ್ಯಾಕರಣ ಪಾಠವಿಲ್ಲದೆ ಅಂಟಿಕೊಳ್ಳುತ್ತದೆ. ಹೊರಡುವವರು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವುದನ್ನೂ ಅವರು ಅಲ್ಲೇ ಗಮನಿಸುತ್ತಾರೆ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಎಂದು ಯಾವ ಆ್ಯಪ್ ಹೇಳಿಕೊಡುತ್ತದೆ?

ಹಬ್ಬ ದಿನಾ ಬರುವುದಿಲ್ಲ. ದಿನನಿತ್ಯಕ್ಕೆ ಹೂವಿನವರ ಹತ್ತಿರ ಮೊಳ ಲೆಕ್ಕದಲ್ಲಿ ಹೂ ತೆಗೆದುಕೊಳ್ಳುವುದು, ತಳ್ಳುಗಾಡಿಯ ಸೊಪ್ಪು, ಊರಲ್ಲಿರುವ ನಿಮ್ಮ ಅಕ್ಕತಂಗಿಯರಿಗೆ ಫೋನ್ ಹಚ್ಚಿ ‘ತಿಂಡಿ ಆಯ್ತಾ? ಅತ್ತೆಗೆ ಕೊಡ್ತೀನಿ ಇರಿ’ ಅನ್ನುವುದು. ಒಂದೇ ಕೆಲಸ ಸಾಕು. ಎರಡು ವಾರ ಅದೇ ಇರಲಿ. ಮೊದಲ ಮೂರು ದಿನ ನೀವು ಮಾಡಿ, ಅವರು ಪಕ್ಕದಲ್ಲಿರಲಿ. ಆಮೇಲೆ ನಾಲ್ಕೈದು ದಿನ ಇಬ್ಬರೂ ಹಂಚಿಕೊಳ್ಳಿ: ‘ಸೊಪ್ಪು ಹೇಗೆ ಕೊಟ್ರಿ?’ ಎಂದು ಕೇಳುವುದು ಅವರು, ಚೌಕಾಸಿ ನೀವು. ಕೊನೆಗೆ ನೀವು ಬಾಗಿಲ ಬಳಿ ನಿಂತಿರಿ, ಮಾತೆಲ್ಲ ಅವರದು. ಸಾಮಾನ್ಯವಾಗಿ ಎಡವಟ್ಟಾಗುವುದು ಎಲ್ಲಿ ಗೊತ್ತೇ? ಅವರು ಒಂದು ಕ್ಷಣ ತಡವರಿಸುತ್ತಾರೆ, ನೀವು ಬಾಯಿ ಹಾಕಿಬಿಡುತ್ತೀರಿ. ಪ್ರೀತಿಯಿಂದಲೇ. ಆದರೆ ಆ ಕ್ಷಣದಲ್ಲೇ ಅವರು ಪದ ಹುಡುಕುತ್ತಿದ್ದದ್ದು. ಬೆಂಗಳೂರಿನಲ್ಲಿ ಇನ್ನೊಂದು ತೊಡಕುಂಟು: ಮುಖ ನೋಡಿದ ಕೂಡಲೇ ವ್ಯಾಪಾರಿ ತಾನೇ ಹಿಂದಿಗೆ ಹೊರಳುತ್ತಾನೆ. ಅದಕ್ಕೆ ‘ಕನ್ನಡದಲ್ಲೇ ಹೇಳಿ, ಕಲೀತಾ ಇದೀನಿ’ ಎನ್ನುವ ಒಂದು ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಿ. ಜೊತೆಗೆ ‘ಇನ್ನೊಂದ್ಸಲ ಹೇಳಿ’, ‘ಹಂಗಂದ್ರೆ?’, ‘ಒಂದ್ನಿಮಿಷ’ ಇರಲಿ. ಮಾತು ಕೈಬಿಟ್ಟು ಹೋಗದಂತೆ ಹಿಡಿದಿಡುವ ಮಾತುಗಳಿವು.

ಈಗ ತಿದ್ದುವ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ತಿದ್ದಬೇಕೋ ಬಿಡಬೇಕೋ’ ಎಂದು ಕೇಳಿದರೆ ಎರಡಕ್ಕೂ ಹೌದು ಅನ್ನಬೇಕಾಗುತ್ತದೆ. ಕೇಳಬೇಕಾದದ್ದು ‘ಎಷ್ಟು ನೆರವು’ ಎಂದು.

ಒಂದು ಉದಾಹರಣೆ ಹಿಡಿಯೋಣ. ಅಡುಗೆಮನೆಯಲ್ಲಿ ಎರಡು ಡಬ್ಬಿ ಇವೆ. ನೀವು ಕಾಫಿಗೆ ತಪ್ಪು ಡಬ್ಬಿಗೆ ಕೈಹಾಕುತ್ತೀರಿ. ಸೊಸೆ ‘ಅತ್ತೆ, ಅದು ಸಕ್ಕರೆ ಇಲ್ಲ’ ಅನ್ನುತ್ತಾರೆ. ಅವರು ಹೇಳಬೇಕಿದ್ದದ್ದು ‘ಸಕ್ಕರೆ ಅಲ್ಲ’. ಹಿಂದಿಯ ‘ನಹೀಂ’ ಒಂದೇ ಪದ. ಕನ್ನಡದಲ್ಲಿ ಅದು ಇಲ್ಲ, ಅಲ್ಲ ಎಂದು ಎರಡಾಗಿ ಒಡೆಯುತ್ತದೆ. ‘ಸಕ್ಕರೆ ಇಲ್ಲ’ ಅಂದರೆ ಅಂಗಡಿಗೆ ಹೋಗಬೇಕು. ‘ಸಕ್ಕರೆ ಅಲ್ಲ’ ಅಂದರೆ ಡಬ್ಬಿ ಬದಲಿಸಬೇಕು. ಈಗ ನೀವೇನು ಮಾಡಬೇಕು? ಮೊದಲು ಸುಮ್ಮನಿರಿ, ಮನಸ್ಸಿನಲ್ಲೇ ಐದು ಎಣಿಸಿ; ಕೆಲವೊಮ್ಮೆ ಅವರೇ ತಿದ್ದಿಕೊಳ್ಳುತ್ತಾರೆ. ಆಗಲಿಲ್ಲವೆಂದರೆ ಹುಬ್ಬೇರಿಸಿ ‘ಆಂ?’ ಅನ್ನಿ. ಅದಕ್ಕೂ ಹೊಳೆಯದಿದ್ದರೆ ಅವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ: ‘ಸಕ್ಕರೆ ಇಲ್ವಾ? ಮುಗಿದೋಯ್ತಾ?’ ಅರ್ಥ ಎಡವಿದ್ದು ಅಲ್ಲಿ ಕಾಣುತ್ತದೆ. ಇನ್ನೂ ಆಗದಿದ್ದರೆ ಎರಡು ಆಯ್ಕೆ ಕೊಡಿ: ‘ಸಕ್ಕರೆ ಇಲ್ವಾ, ಸಕ್ಕರೆ ಅಲ್ವಾ?’ ಅದಕ್ಕೂ ಸಿಗದಿದ್ದರೆ ನೀವೇ ಹೇಳಿ: ‘ಇದು ಸಕ್ಕರೆ ಅಲ್ಲ, ಉಪ್ಪು.’ ಕೊನೆಯ ಮೆಟ್ಟಿಲು, ನಿಮ್ಮ ಅರೆಬರೆ ಹಿಂದಿಯಲ್ಲೋ ಮಗನ ಸಹಾಯದಿಂದಲೋ ವ್ಯತ್ಯಾಸ ಬಿಡಿಸಿ ಹೇಳುವುದು. ಮರುದಿನ ಮತ್ತೆ ಅದೇ ತಪ್ಪಾದರೆ ಕೊನೆಯ ಮೆಟ್ಟಿಲಿಗೆ ಹಾರಬೇಡಿ, ಮತ್ತೆ ಮೌನದಿಂದಲೇ ಶುರುಮಾಡಿ.

ಇದು ನಾನು ಕಟ್ಟಿದ ಉಪಾಯವಲ್ಲ. 1994ರಲ್ಲಿ ಅಲಿ ಅಲ್ಜಾಫ್ರೆ ಮತ್ತು ಜೇಮ್ಸ್ ಲ್ಯಾಂಟಾಲ್ಫ್ ಎಂಬ ಸಂಶೋಧಕರು ಇಂಗ್ಲಿಷ್ ಕಲಿಯುತ್ತಿದ್ದ ಮೂವರ ಜೊತೆ ಇಂಥ ನೆರವನ್ನು 0ಯಿಂದ 12ರವರೆಗಿನ ಮೆಟ್ಟಿಲುಗಳಾಗಿ ಜೋಡಿಸಿ ನೋಡಿದ್ದರು. ಅದರಿಂದ ಮನೆಯವರಿಗೆ ಸಿಗುವ ದೊಡ್ಡ ಉಪಯೋಗವೆಂದರೆ ಪ್ರಗತಿ ಅಳೆಯುವ ಹೊಸ ಅಳತೆಗೋಲು. ಕಳೆದ ತಿಂಗಳು ಐದನೇ ಮೆಟ್ಟಿಲಿಗೆ ಬಂದಿದ್ದ ತಪ್ಪು ಈ ತಿಂಗಳು ಬರೀ ‘ಆಂ?’ ಅಂದಾಗ ಸರಿಹೋದರೆ ಅವರು ಮುಂದೆ ಬಂದಿದ್ದಾರೆ. ತಪ್ಪು ಇನ್ನೂ ಆಗುತ್ತಿದೆ, ನಿಜ. ಹೊರಗಿನವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಕ್ಯಾಲೆಂಡರಿನ ಹಾಳೆಯ ಹಿಂದೆ ಎರಡೇ ಎರಡು ತಪ್ಪು ಆರಿಸಿ ಬರೆದಿಟ್ಟುಕೊಂಡು ಈ ಮೆಟ್ಟಿಲನ್ನು ಗುರುತು ಹಾಕಿ. ಎರಡಕ್ಕಿಂತ ಹೆಚ್ಚು ಹಿಡಿಯಬೇಡಿ. ಉಳಿದ ತಪ್ಪುಗಳು ಅರ್ಥ ಕೆಡಿಸದಿದ್ದರೆ ಹಾಗೇ ಹೋಗಲಿ. ನೆರೆದವರ ಮುಂದೆ ತಿದ್ದುವುದಂತೂ ಬೇಡವೇ ಬೇಡ. ‘ಳ’ ಬಾರದಿದ್ದರೆ ಹೇಳಿಸಲು ಒತ್ತಾಯಿಸಬೇಡಿ. ನೀವು ‘ಹಾಲು’, ‘ಹಾಳು’, ‘ಕಾಲು’, ‘ಕಾಳು’ ಅನ್ನಿ, ಯಾವುದೆಂದು ಅವರು ಬೆರಳಲ್ಲಿ ತೋರಿಸಲಿ. ದಿನಕ್ಕೆ ಎರಡು ನಿಮಿಷ ಸಾಕು.

ಕಟ್ಟಡಕ್ಕೆ ಸಾರವೆ ಕಟ್ಟುತ್ತಾರಲ್ಲ, ಗೋಡೆ ನಿಂತ ಮೇಲೆ ಬಿಚ್ಚುತ್ತಾರೆ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಸಂಶೋಧಕರು ಮೂರರಿಂದ ಐದು ವರ್ಷದ ಮಕ್ಕಳು 21 ಮರದ ತುಂಡುಗಳಿಂದ ಪಿರಮಿಡ್ ಜೋಡಿಸುವುದನ್ನು ನೋಡಿ ಬರೆದಾಗ ಇದೇ ಹೋಲಿಕೆ ಬಳಸಿದರು. ನೆರವು ಕೊಡುವುದಷ್ಟೇ ಕೌಶಲವಲ್ಲ, ಹೊತ್ತಿಗೆ ಸರಿಯಾಗಿ ಬಿಚ್ಚುವುದೂ ಕೌಶಲ.

ನಿಮ್ಮ ತಮ್ಮನವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಿಂದಿ ಪೂರ್ತಿ ನಿಲ್ಲಿಸಿದರೆ ಮೊದಲ ವಾರ ಕನ್ನಡ ಹೆಚ್ಚಾದಂತೆ ಕಾಣಬಹುದು. ಆದರೆ 31 ವರ್ಷದ, ಓದಿದ ಹೆಣ್ಣುಮಗಳು ತನ್ನ ಮನೆಯಲ್ಲೇ ಎರಡು ವರ್ಷದ ಮಗುವಿನಷ್ಟು ಮಾತಿಗೆ ಇಳಿಯಬೇಕಾಗುತ್ತದೆ. ಜ್ವರ ಬಂದರೆ, ಬೇಸರವಾದರೆ, ತವರಿನ ನೆನಪಾದರೆ ಹೇಳಿಕೊಳ್ಳಲು ಭಾಷೆಯೇ ಇರುವುದಿಲ್ಲ. ಅದು ಮೌನವನ್ನು ಹೆಚ್ಚಿಸುತ್ತದೆ. ಮೇಲಾಗಿ ತಾಯ್ನುಡಿ ಕಲಿಕೆಗೆ ಅಡ್ಡಿಯಲ್ಲ, ಸಲಕರಣೆ: ಹೊಸ ಭಾಷೆಯ ಗಂಟನ್ನು ಅವರು ಬಿಚ್ಚಿಕೊಳ್ಳುವುದು ಹಿಂದಿಯಲ್ಲೇ ಯೋಚಿಸಿ. ನಿಷೇಧದ ಬದಲು ಜಾಗ ಮತ್ತು ಹೊತ್ತು ಗೊತ್ತುಮಾಡಿ. ಬೆಳಗಿನ ತಿಂಡಿಯ ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ಕನ್ನಡ. ಆ ಹೊತ್ತಿನಲ್ಲೂ ಒಂದು ಪದ ಸಿಗದಿದ್ದರೆ ಹಿಂದಿ ಪದ ಹಾಕಿ ವಾಕ್ಯ ಮುಗಿಸಲಿ. ‘ಅತ್ತೆ, ಧನಿಯಾ ಎಲ್ಲಿದೆ?’ ಅಂದರೆ ಅದು ಒಳ್ಳೆಯ ಕನ್ನಡ ವಾಕ್ಯ. ‘ಕೊತ್ತಂಬರಿ ಬೀಜನಾ? ಮೇಲಿನ ಡಬ್ಬೀಲಿದೆ’ ಎಂದು ಉತ್ತರ ಕೊಡಿ, ಪದ ಅಲ್ಲೇ ಸಿಕ್ಕಿತು.

ಮಗನನ್ನು ಕನ್ನಡ ಮೇಷ್ಟ್ರನ್ನಾಗಿ ಮಾಡಬೇಡಿ. ಗಂಡಹೆಂಡಿರು ಒಬ್ಬರನ್ನೊಬ್ಬರು ಅರಿತದ್ದು ಯಾವ ಭಾಷೆಯಲ್ಲೋ ಅದನ್ನು ಬದಲಿಸುವುದು ಬಲು ಕಷ್ಟ. ಹೆಚ್ಚಿನ ಮನೆಗಳಲ್ಲಿ ಅದು ಜಗಳದಲ್ಲಿ ಮುಗಿಯುತ್ತದೆ. ಮಗನಿಗಿಂತ ನೀವು ಸೂಕ್ತ. ನಿಮಗೆ ಹಿಂದಿ ಅಷ್ಟಕ್ಕಷ್ಟೇ ಎಂಬುದನ್ನು ಕೊರತೆಯೆಂದು ಬರೆದಿದ್ದೀರಿ, ನನಗೆ ಅದು ಅನುಕೂಲವಾಗಿ ಕಾಣುತ್ತದೆ: ಇಡೀ ಮನೆಯಲ್ಲಿ ಅವರ ಕನ್ನಡದ ನಿಜವಾದ ಅಗತ್ಯವಿರುವುದು ನಿಮ್ಮೊಬ್ಬರಿಗೇ. ದಿನಕ್ಕೊಂದು ಹಿಂದಿ ಮಾತು ಅವರಿಂದ ನೀವೂ ಕಲಿಯಿರಿ. ಅವರ ಮುಂದೆ ನೀವು ತಡವರಿಸುವುದು, ತಪ್ಪುವುದು, ಮತ್ತೆ ಹೇಳುವುದು ಅವರಿಗೆ ಕಾಣಲಿ.

ನಗುವಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾನಿ ನಾರ್ಟನ್ ಎಂಬ ವಿದ್ವಾಂಸೆ ಕೆನಡಾಕ್ಕೆ ವಲಸೆ ಬಂದ ಐವರು ಹೆಂಗಸರ ಇಂಗ್ಲಿಷ್ ಕಲಿಕೆಯನ್ನು ಅಧ್ಯಯನ ಮಾಡಿ 1995ರಲ್ಲಿ ಬರೆದರು. ಐವರಿಗೂ ಕಲಿಯುವ ಹಂಬಲವಿತ್ತು. ಒಬ್ಬಾಕೆಗೆ ಉಪಾಹಾರಗೃಹದಲ್ಲಿ ಮಾತಿನ ಅಗತ್ಯವಿಲ್ಲದ ಒಂಟಿ ಕೆಲಸಗಳೇ ಸಿಗುತ್ತಿದ್ದವು; ಜೊತೆಗಾರರು ಆಕೆಯನ್ನು ಮಾತಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೆಲಸದ ಹೊರಗೆ ಆಕೆಯ ಪರಿಚಯವಾದ ಮೇಲೆ ಅದು ಬದಲಾಯಿತು. ಇನ್ನೊಬ್ಬಾಕೆ ತಾನು ತಾಯಿ, ಮನೆಯ ಹೊಣೆ ಹೊತ್ತವಳು ಎಂಬ ಬಲದ ಮೇಲೆ ಮನೆ ಮಾಲೀಕನೊಂದಿಗೆ ಫೋನಿನಲ್ಲಿ ವಾದಿಸುವ ಧೈರ್ಯ ತಂದುಕೊಂಡಳು. ಮಾತಾಡುವ ಹಕ್ಕು, ಮತ್ತೊಬ್ಬರು ಕಿವಿಗೊಡುವ ನಂಬಿಕೆ, ಇವೆರಡೂ ಇಲ್ಲದ ಕಡೆ ಹಂಬಲ ಒಂದೇ ಸಾಲದು. ನಿಮ್ಮ ನೆಂಟರು ಕೆಟ್ಟ ಮನಸ್ಸಿನಿಂದ ನಕ್ಕಿರಲಾರರು. ಆದರೂ ಮುಂದಿನ ಸಲ ನೀವು ಹಿರಿಯರಾಗಿ ತಡೆಯಬೇಕು: ‘ನಮ್ಮ ಹುಡುಗಿ ಕಲೀತಿದಾಳೆ, ನಗಬೇಡ್ರಪ್ಪ.’ ಅಷ್ಟೇ ಕೆಡುಕು ಮಾಡುವ ಇನ್ನೊಂದು ಮಾತು ‘ಎಲ್ಲಿ, ಕನ್ನಡದಲ್ಲಿ ಏನಾದ್ರೂ ಹೇಳಮ್ಮ’ ಎನ್ನುವುದು. ಅದು ಪ್ರದರ್ಶನಕ್ಕೆ ನಿಲ್ಲಿಸಿದಂತೆ. ಅದನ್ನೂ ತಡೆಯಿರಿ.

ಕ್ಲಾಸು ವ್ಯರ್ಥವಲ್ಲ, ಅಕ್ಷರ ಬಂದದ್ದು ಅಲ್ಲೇ. ಮತ್ತೆ ಸೇರುವುದಾದರೆ ಆಡುಮಾತು ಕಲಿಸುತ್ತಾರೋ ಇಲ್ಲವೋ ಮೊದಲೇ ಕೇಳಲಿ. ‘ಮಾಡುತ್ತೇನೆ, ಹೋಗುವುದಿಲ್ಲ’ ಎಂದು ಕಲಿತವರಿಗೆ ನಿಮ್ಮ ‘ಮಾಡ್ತೀನಿ, ಹೋಗಲ್ಲ’ ಬೇರೆ ಭಾಷೆಯಂತೆ ಕೇಳಿಸುತ್ತದೆ. ನೆರೆಯಲ್ಲಿ ಇನ್ನೊಬ್ಬ ಹೊರರಾಜ್ಯದ ಸೊಸೆ ಕನ್ನಡ ಕಲಿಯುತ್ತಿದ್ದರೆ ವಾರಕ್ಕೊಮ್ಮೆ ಇಬ್ಬರೂ ಕೂಡಿ ಕೂರಲಿ. ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಅರ್ಧ ಗೊತ್ತಿರುತ್ತದೆ, ಇಬ್ಬರೂ ಸೇರಿ ವಾಕ್ಯ ಕಟ್ಟುತ್ತಾರೆ. ಒಂದೇ ತಪ್ಪನ್ನು ಇಬ್ಬರೂ ರೂಢಿ ಮಾಡಿಕೊಳ್ಳುವ ಅಪಾಯವಿದೆ, ನೀವೊಬ್ಬರು ಹತ್ತಿರದಲ್ಲಿದ್ದರೆ ಅದು ದೊಡ್ಡದಲ್ಲ.

ಬಟ್ಟೆ ಮಡಿಸುವಾಗ ಅವರು ‘ಬರ್ತೀನಿ... ಬರ್ತಾಳೆ... ಬರ್ತಾರೆ’ ಎಂದು ತಮ್ಮಷ್ಟಕ್ಕೇ ಗೊಣಗಿಕೊಳ್ಳುವುದು ಕಿವಿಗೆ ಬಿದ್ದರೆ ಕೇಳದವರಂತೆ ಇದ್ದುಬಿಡಿ. ಜನರ ನಡುವೆ ನಡೆದದ್ದು ಅವರ ಒಳಗೆ ನೆಲೆಯಾಗುವ ದಾರಿಯಲ್ಲಿದೆ ಎಂದು ಅರ್ಥ. ಒಳ್ಳೆಯ ಲಕ್ಷಣ.

ಮೊಮ್ಮಗನಿಗೆ ಗೊಂದಲವಾಗುವುದಿಲ್ಲ. ಎರಡು ಭಾಷೆ ಬೆರೆಸಿ ‘ಪಾನಿ ಬೇಕು’ ಅಂದರೆ ಗಾಬರಿಯಾಗಬೇಡಿ, ಎರಡು ಭಾಷೆಯ ಮನೆಯ ಮಕ್ಕಳು ಹಾಗೆಯೇ ಮಾತಾಡುತ್ತಾರೆ. ಅಮ್ಮ ಅವನ ಜೊತೆ ಹಿಂದಿಯಲ್ಲೇ ಮಾತಾಡಲಿ, ನೀವು ಕನ್ನಡದಲ್ಲಿ. ಎಚ್ಚರ ಬೇಕಿರುವುದು ಬೇರೆ ಕಡೆ: ಇನ್ನೆರಡು ವರ್ಷದಲ್ಲಿ ಅವನ ಕನ್ನಡ ಅಮ್ಮನದಕ್ಕಿಂತ ಮುಂದೆ ಹೋಗುತ್ತದೆ. ಆಗ ಬಂದವರ ಮುಂದೆ ಅವನಿಂದ ಅಮ್ಮನನ್ನು ತಿದ್ದಿಸಿ ಸಂತೋಷಪಡುವ ಚಾಳಿ ಮನೆಯಲ್ಲಿ ಯಾರಿಗೂ ಹತ್ತದಿರಲಿ.

ಇನ್ನು ಯಾವ ಕೆಲಸದಿಂದ ಶುರುಮಾಡಬೇಕು ಎಂಬುದನ್ನು ನೀವು ಗೊತ್ತುಮಾಡಬೇಡಿ, ನಾನೂ ಮಾಡುವುದಿಲ್ಲ, ಸೊಸೆಯೇ ಆರಿಸಲಿ. ಅವರಿಗೆ ಅಕ್ಷರ ಬರುತ್ತದಲ್ಲ, ಈ ಉತ್ತರವನ್ನು ಅವರ ಕೈಗೇ ಕೊಡಿ. ನಿಧಾನವಾಗಿ ಓದಲಿ, ತಿಳಿಯದ ಕಡೆ ನಿಮ್ಮನ್ನು ಕೇಳಲಿ. ಕೇಳಿದಾಗ ಉತ್ತರಿಸುವ ಮೊದಲು ಐದು ಎಣಿಸಿ.